ಅಂಕಪಟ್ಟಿಯ ಇಂಗ್ಲಿಷ್ ಮನೆಗೇಕೆ ಬರುತ್ತಿಲ್ಲ?

ನಮ್ಮ ಹೆಚ್ಚಿನ ಮನೆಗಳಿಗೆ ಪರಿಚಿತವಾದ ಒಂದು ದೃಶ್ಯ. ರಾತ್ರಿಯ ಹೊತ್ತು. ಚಿಕ್ಕ ಮಗನಿಗೆ ಜ್ವರ. ತಾಯಿ ಕಪಾಟಿನಿಂದ ಹಳೆಯ ಔಷಧಿಯೊಂದನ್ನು ಹುಡುಕಿ ತೆಗೆದು, ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಮಗಳ ಕೈಗಿತ್ತು, ‘ಇದರ ಅವಧಿ ಮುಗಿದಿದೆಯೋ ನೋಡು ಮಗಳೇ’ ಎನ್ನುತ್ತಾರೆ. ಮಗಳು ಅದನ್ನು ಬೆಳಕಿಗೆ ಹಿಡಿಯುತ್ತಾಳೆ, ತಿರುಗಿಸುತ್ತಾಳೆ, ಕೊನೆಗೆ ‘ಗೊತ್ತಾಗುವುದಿಲ್ಲ ಉಮ್ಮಾ’ ಎಂದು ಹಿಂತಿರುಗಿಸುತ್ತಾಳೆ. ಹಿಂದಿನ ಪರೀಕ್ಷೆಯಲ್ಲಿ ಇಂಗ್ಲಿಷ್ ವಿಷಯದಲ್ಲಿ ಅವಳಿಗೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಅಂಕಗಳಿದ್ದವು. ಪಠ್ಯದಲ್ಲಿರುವ ಪದ್ಯಗಳ ಸಾರಾಂಶ ಅವಳಿಗೆ ಬಾಯಿಪಾಠ. ಆದರೆ ‘ಎಂಎಫ್‌ಜಿ’ ಎಂದರೆ ತಯಾರಾದ ತಿಂಗಳು, ‘ಎಕ್ಸ್‌ಪಿ’ ಎಂದರೆ ಬಳಕೆಯ ಕೊನೆಯ ತಿಂಗಳು ಎಂಬುದನ್ನು ಒಂಬತ್ತು ವರ್ಷಗಳ ಶಾಲಾ ಜೀವನದಲ್ಲಿ ಯಾರೂ ಅವಳಿಗೆ ತೋರಿಸಿಕೊಟ್ಟಿಲ್ಲ.

ತಪ್ಪು ಆ ಹುಡುಗಿಯದ್ದಲ್ಲ. ಅವಳ ಶಿಕ್ಷಕಿಯ ಸೋಮಾರಿತನವೂ ಇದಕ್ಕೆ ಕಾರಣವಲ್ಲ. ನಾವು ಇಂಗ್ಲಿಷನ್ನು ಒಂದು ಭಾಷೆಯಾಗಿ ಕಾಣದೆ ಪರೀಕ್ಷೆಯಲ್ಲಿ ದಾಟಬೇಕಾದ ಒಂದು ವಿಷಯವಾಗಿ ಮಾತ್ರ ಕಂಡಿದ್ದೇವೆ. ಅದರ ಫಲವೇ ಈ ವಿಪರ್ಯಾಸ.

ಕರ್ನಾಟಕದಲ್ಲಿ ಇಂಗ್ಲಿಷ್‌ನ ಬಗ್ಗೆ ಚರ್ಚೆ ನಡೆದಿಲ್ಲವೆಂದು ಯಾರೂ ಹೇಳಲಾರರು. ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದು ಸರಕಾರವು 1994ರಲ್ಲಿ ಆದೇಶಿಸಿತು. ಅದರ ಸುತ್ತ ಎರಡು ದಶಕಗಳ ಕಾನೂನು ಸಮರ ನಡೆಯಿತು. ಆ ಆದೇಶವನ್ನು ಖಾಸಗಿ ಶಾಲೆಗಳ ಮೇಲೆ ಹೇರಲಾಗದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಈ ನಡುವೆ, 2007-08ರಲ್ಲಿ ಸರಕಾರಿ ಶಾಲೆಗಳ ಒಂದನೇ ತರಗತಿಗೇ ಇಂಗ್ಲಿಷ್ ಬಂತು. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯುವ ಯೋಜನೆ ಜಾರಿಗೆ ಬಂತು. ಪ್ರತಿ ಸಂದರ್ಭದಲ್ಲೂ ಸಾಹಿತಿಗಳು ಮಾತಾಡಿದರು, ರಾಜಕಾರಣಿಗಳು ಮಾತಾಡಿದರು, ವಿಧಾನಸಭೆಯಲ್ಲಿ ಗದ್ದಲವಾಯಿತು. ಯಾವ ತರಗತಿಯಿಂದ ಇಂಗ್ಲಿಷ್, ಯಾವ ಮಾಧ್ಯಮದಲ್ಲಿ ಶಿಕ್ಷಣ ಎಂಬುದರ ಸುತ್ತಲೇ ಚರ್ಚೆ ಗಿರಕಿ ಹೊಡೆಯಿತು. ಆದರೆ ಇಂಗ್ಲಿಷ್ ಪೀರಿಯಡ್ಡಿನ ನಲ್ವತ್ತು ನಿಮಿಷಗಳಲ್ಲಿ ಮಗುವಿನ ಕೈಯಲ್ಲಿ ಏನಿರಬೇಕು ಎಂಬ ಸರಳ ಪ್ರಶ್ನೆಯನ್ನು ಯಾರೂ ಗಂಭೀರವಾಗಿ ಕೇಳಲಿಲ್ಲ.

ಹಾಗೆ ಕೇಳದೇ ಇದ್ದುದರ ಬೆಲೆಯೇನೆಂದು ಅಂಕಿ ಅಂಶಗಳೇ ಹೇಳುತ್ತವೆ. ದೇಶದ ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ 2016ರ ವರದಿಯ ಪ್ರಕಾರ, ಸರಳವಾದ ಇಂಗ್ಲಿಷ್ ವಾಕ್ಯಗಳನ್ನು ಓದಬಲ್ಲ ಐದನೇ ತರಗತಿಯ ಮಕ್ಕಳು ಶೇ. 24.5 ಮಾತ್ರ. ಎಂಟನೇ ತರಗತಿಯಲ್ಲಿ ಈ ಪ್ರಮಾಣ 2009ರಲ್ಲಿ ಶೇ. 60.2 ಇದ್ದದ್ದು 2016ಕ್ಕಾಗುವಾಗ ಶೇ. 45.2ಕ್ಕೆ ಕುಸಿದಿತ್ತು. ಓದಿದ ಮಕ್ಕಳಲ್ಲೂ ಎಲ್ಲರಿಗೂ ಆ ವಾಕ್ಯದ ಅರ್ಥ ಹೇಳಲಾಗಲಿಲ್ಲ. ಅಂದರೆ ಅಕ್ಷರ ಬಂದಿದೆ, ಉಚ್ಚಾರ ಬಂದಿದೆ, ಅರ್ಥ ಬಂದಿಲ್ಲ.

ಈ ಸ್ಥಿತಿ ಮದ್ರಸಾಗಳಲ್ಲಿ ಓದಿದವರಿಗೆ ಹೊಸತಲ್ಲ. ಈ ಸಾಲುಗಳ ಲೇಖಕನೂ ವರ್ಷಗಟ್ಟಲೆ ಅರಬಿ ವ್ಯಾಕರಣ ಕಲಿತವನು. ವ್ಯಾಕರಣ ಗ್ರಂಥಗಳ ಸುಪ್ರಸಿದ್ಧ ಉದಾಹರಣೆ ‘ಝೈದ್ ಅಮ್ರ್‌ನನ್ನು ಹೊಡೆದನು’ ಎಂಬುದು. ಕರ್ತೃ ಯಾರು, ಕರ್ಮ ಯಾರು, ಯಾವ ಅಕ್ಷರಕ್ಕೆ ಯಾವ ಸ್ವರಚಿಹ್ನೆ ಎಂದು ನಾವು ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆವು. ಒಮ್ಮೆ ನೆರೆಮನೆಯ ಹಿರಿಯರೊಬ್ಬರು ಮಗನಿಗೆ ಬಂದ ವೀಸಾದ ಪ್ರತಿಯನ್ನು ಹಿಡಿದುಕೊಂಡು ಬಂದು, ‘ಮೌಲವಿಗಳೇ, ಇದರಲ್ಲಿ ಯಾವ ಕೆಲಸವೆಂದು ಬರೆದಿದ್ದಾರೆ?’ ಎಂದು ಕೇಳಿದರು. ‘ಮಿಹ್ನಾ’ ಎಂಬ ಪದವನ್ನು ತಪ್ಪಿಲ್ಲದೆ ಓದಿದೆ. ಅದರ ಅರ್ಥ ಉದ್ಯೋಗ ಎಂಬುದಾಗಲಿ, ಅದರ ಮುಂದಿದ್ದ ಪದವೇ ಹಿರಿಯರು ಕೇಳುತ್ತಿರುವ ಉತ್ತರ ಎಂಬುದಾಗಲಿ ಹೊಳೆಯಲಿಲ್ಲ. ಅವರು ಬೇಸರದಿಂದಲ್ಲ, ಅಚ್ಚರಿಯಿಂದ ನನ್ನ ಮುಖ ನೋಡಿದರು. ಆ ನೋಟ ಇಂದಿಗೂ ನೆನಪಿದೆ. ವ್ಯಾಕರಣ ವ್ಯರ್ಥವೆಂದು ಇದರ ಅರ್ಥವಲ್ಲ. ಗ್ರಂಥಗಳನ್ನು ಆಳವಾಗಿ ಓದಲು ಅದೇ ಅಡಿಪಾಯ. ಆದರೆ ಅಡಿಪಾಯವನ್ನೇ ಮನೆಯೆಂದು ತಿಳಿದು ಅಲ್ಲೇ ವಾಸಿಸಲಾಗದು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ನಮ್ಮ ಕಣ್ಣೆದುರೇ ಇದೆ. ಏಳನೇ ತರಗತಿಗೆ ಶಾಲೆ ಬಿಟ್ಟು ಕೊಲ್ಲಿ ರಾಷ್ಟ್ರಕ್ಕೆ ಹೋದ ಎಷ್ಟೋ ಮಂದಿ ಒಂದೆರಡು ವರ್ಷಗಳಲ್ಲಿ ಅರಬಿಯನ್ನೂ ಇಂಗ್ಲಿಷನ್ನೂ ಕೆಲಸಕ್ಕೆ ಬೇಕಾದಷ್ಟು ಮಾತಾಡುವುದನ್ನು ನಾವು ನೋಡಿಲ್ಲವೇ? ಅವರಿಗೆ ಯಾರು ಪಾಠ ಮಾಡಿದರು? ಅಂಗಡಿಯ ಕಪಾಟುಗಳು, ಸರಕಿನ ಪೆಟ್ಟಿಗೆಗಳು, ಬಿಲ್ಲುಗಳು, ಗ್ರಾಹಕರ ಪ್ರಶ್ನೆಗಳು. ಅವರು ಕಲಿತ ಪ್ರತಿ ಪದವೂ ಒಂದು ವಸ್ತುವಿಗೋ ಒಂದು ಅಗತ್ಯಕ್ಕೋ ಅಂಟಿಕೊಂಡು ಬಂದಿತ್ತು. ಆದ್ದರಿಂದಲೇ ಅದು ಮರೆಯಲಿಲ್ಲ. ಇಸ್ಲಾಮಿನ ಇತಿಹಾಸದಲ್ಲೂ ಇದಕ್ಕೊಂದು ಸುಂದರ ನಿದರ್ಶನವಿದೆ. ಯಹೂದಿಯರ ಲಿಪಿ ಮತ್ತು ಭಾಷೆಯನ್ನು ಕಲಿಯುವಂತೆ ಪ್ರವಾದಿಯವರು(ಸ) ಯುವಕರಾಗಿದ್ದ ಝೈದ್ ಬಿನ್ ಸಾಬಿತ್‌ರಿಗೆ(ರ) ಆದೇಶಿಸಿದರು. ಅರ್ಧ ತಿಂಗಳೊಳಗೆ ಅದನ್ನು ಕಲಿತೆನೆಂದು ಅವರೇ ಹೇಳಿರುವುದು ಹದೀಸ್ ಗ್ರಂಥ ತಿರ್ಮಿದಿಯಲ್ಲಿದೆ. ಉದ್ದೇಶ ಸ್ಪಷ್ಟವಾಗಿತ್ತು: ಬರುವ ಪತ್ರಗಳನ್ನು ಓದಬೇಕು, ಉತ್ತರ ಬರೆಯಬೇಕು. ಅವರ ಮುಂದಿದ್ದದ್ದು ಪರೀಕ್ಷೆಯಲ್ಲ, ನಿಜವಾದ ಪತ್ರ.

ನಿತ್ಯ ಜೀವನದ ಕಾಗದಗಳನ್ನೂ ವಸ್ತುಗಳನ್ನೂ ತರಗತಿಗೆ ತಂದು ಭಾಷೆ ಕಲಿಸುವ ಕ್ರಮವನ್ನು ಶಿಕ್ಷಣ ತಜ್ಞರು ಬಹಳ ಹಿಂದಿನಿಂದಲೂ ಸಮರ್ಥಿಸುತ್ತಾ ಬಂದಿದ್ದಾರೆ. ಇದು ವಿದೇಶದಿಂದ ಆಮದಾದ ಚಿಂತನೆಯೆಂದು ತಳ್ಳಿಹಾಕುವಂತೆಯೂ ಇಲ್ಲ. ಇದಕ್ಕೆ ಹತ್ತಿರದ ಒಂದು ಪ್ರಯೋಗಕ್ಕೆ ನಮ್ಮ ಬೆಂಗಳೂರಿನ ಹೆಸರೇ ಇದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದ್ರಾಸು ಮೊದಲಾದೆಡೆಗಳ ಕೆಲವು ಶಾಲೆಗಳಲ್ಲಿ ನಡೆದ ಈ ಪ್ರಯೋಗವನ್ನು ಜಗತ್ತಿನ ಭಾಷಾ ಶಿಕ್ಷಕರು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ಅಲ್ಲಿ ವ್ಯಾಕರಣದ ಪಾಠಪಟ್ಟಿ ಇರಲಿಲ್ಲ. ರೈಲುಗಳ ವೇಳಾಪಟ್ಟಿಯನ್ನು ನೋಡಿ ಲೆಕ್ಕ ಹಾಕುವುದು, ನಕಾಶೆಯಲ್ಲಿ ದಾರಿ ಹುಡುಕುವುದು ಮುಂತಾದ ಕೆಲಸಗಳಿದ್ದವು. ಮೊದಲು ಶಿಕ್ಷಕರು ಇಡೀ ತರಗತಿಯೊಂದಿಗೆ ಸೇರಿ ಒಂದು ಸಮಸ್ಯೆಯನ್ನು ಬಿಡಿಸುವರು. ಬಳಿಕ ಅಂಥದ್ದೇ ಇನ್ನೊಂದನ್ನು ಪ್ರತಿ ವಿದ್ಯಾರ್ಥಿಯೂ ತಾನೇ ಬಿಡಿಸಬೇಕು. ಉತ್ತರ ಸರಿಯೇ ಎಂಬುದು ಮೊದಲ ಪ್ರಶ್ನೆ, ಭಾಷೆಯಲ್ಲಿ ತಪ್ಪಿದೆಯೇ ಎಂಬುದು ಆಮೇಲಿನದು. ಮನಸ್ಸು ಅರ್ಥದಲ್ಲಿ ತೊಡಗಿರುವಾಗಲೇ ಭಾಷೆ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ವಾದವಾಗಿತ್ತು. 1987ರಲ್ಲಿ ಅವರು ಈ ಬಗ್ಗೆ ಬರೆದ ಪುಸ್ತಕ ಹಲವು ದೇಶಗಳ ಶಿಕ್ಷಕರಿಗೆ ದಾರಿ ತೋರಿತು. ದೀಪ ಹಚ್ಚಿದ್ದು ನಮ್ಮ ರಾಜ್ಯದಲ್ಲಿ, ಬೆಳಕು ಬಿದ್ದದ್ದು ಹೊರಗೆ.

ಇನ್ನು ನಮ್ಮ ಮನೆಯ ಕಪಾಟಿಗೆ ಮರಳೋಣ. ಖಾಲಿಯಾದ ಮಾತ್ರೆಯ ಸ್ಟ್ರಿಪ್ಪನ್ನೇ ತೆಗೆದುಕೊಳ್ಳಿ. ಮೂರನೇ ತರಗತಿಯ ಮಗುವಿಗೆ, ‘ಇದರಲ್ಲಿರುವ ಸಂಖ್ಯೆಗಳನ್ನು ಹುಡುಕು, ವರ್ಷ ಯಾವುದು, ಬೆಲೆ ಯಾವುದು ಹೇಳು’ ಎಂದರೆ ಸಾಕು. ಆರನೇ ತರಗತಿಯವರಿಗೆ, ‘ಇದನ್ನು ಎಲ್ಲಿ ಇಡಬೇಕೆಂದು ಬರೆದಿದ್ದಾರೆ? ಯಾರ ಕೈಗೆ ಸಿಗಬಾರದೆಂದು ಬರೆದಿದ್ದಾರೆ?’ ಎಂದು ಕೇಳಬಹುದು. ಒಂಬತ್ತನೇ ತರಗತಿಯವರ ಮುಂದೆ ಎರಡು ಬೇರೆ ಬೇರೆ ಕಂಪೆನಿಗಳ ಸ್ಟ್ರಿಪ್‌ಗಳನ್ನಿಟ್ಟು, ‘ಎರಡರಲ್ಲೂ ಇರುವ ಔಷಧ ಒಂದೆಯೇ?’ ಎಂದು ಕೇಳಿ. ಒಂದು ಜ್ವರದ ಮಾತ್ರೆ, ಇನ್ನೊಂದು ಶೀತದ ಮಾತ್ರೆ. ಹೆಸರು ಬೇರೆ, ಬಣ್ಣ ಬೇರೆ. ಆದರೆ ಸಣ್ಣ ಅಕ್ಷರಗಳಲ್ಲಿ ಎರಡರಲ್ಲೂ ‘ಪ್ಯಾರಾಸಿಟಮಾಲ್’ ಎಂದಿರುವುದನ್ನು ವಿದ್ಯಾರ್ಥಿ ಸ್ವತಃ ಕಂಡುಹಿಡಿದಾಗ ಆತನಿಗೆ ಸಿಗುವುದು ಒಂದು ಪದವಷ್ಟೇ ಅಲ್ಲ. ಗೊತ್ತಿಲ್ಲದೆ ಎರಡನ್ನೂ ಒಟ್ಟಿಗೆ ನುಂಗಿದರೆ ಒಂದೇ ಔಷಧ ದುಪ್ಪಟ್ಟಾಗಿ ಯಕೃತ್ತಿಗೆ ಹಾನಿಯಾಗಬಹುದು ಎಂಬ ತಿಳುವಳಿಕೆಯೂ ಸಿಗುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎಂಬ ಎಚ್ಚರಿಕೆಯ ಸಾಲು ಎಷ್ಟು ಔಷಧಿಗಳ ಮೇಲಿದೆ, ಅವುಗಳಲ್ಲಿ ಎಷ್ಟನ್ನು ನಾವು ಚೀಟಿಯಿಲ್ಲದೆಯೇ ತಂದಿದ್ದೇವೆ ಎಂಬುದನ್ನೂ ಆತ ಲೆಕ್ಕ ಹಾಕಿಯಾನು. ಕಾಗದ ಅದೇ, ಪ್ರಶ್ನೆ ಬೇರೆ. ಮಗುವಿನ ಮಟ್ಟಕ್ಕೆ ಇಳಿಯಬೇಕಾದದ್ದು ಪ್ರಶ್ನೆಯೇ ಹೊರತು ಕಾಗದವಲ್ಲ.

ಬಿಸ್ಕೆಟ್ ಪೊಟ್ಟಣವೂ ಹಾಗೆಯೇ. ಅದರ ಹಿಂಬದಿಯಲ್ಲಿ ಬಳಸಿದ ಪದಾರ್ಥಗಳ ಪಟ್ಟಿ ಇರುತ್ತದೆ. ಯಾವ ಪದಾರ್ಥ ತೂಕದಲ್ಲಿ ಹೆಚ್ಚೋ ಅದು ಮೊದಲು ಬರಬೇಕೆಂಬುದು ನಿಯಮ. ಮೈದಾ ಎಷ್ಟನೆಯದು, ಸಕ್ಕರೆ ಎಷ್ಟನೆಯದು, ಮುಖಪುಟದಲ್ಲಿ ದೊಡ್ಡದಾಗಿ ಚಿತ್ರ ಹಾಕಿದ ಬಾದಾಮಿ ಎಷ್ಟನೆಯದು ಎಂದು ಹುಡುಕುವ ಮಗು ಇಂಗ್ಲಿಷ್‌ನ ಜೊತೆಗೆ ಜಾಹೀರಾತಿನ ಸುಳ್ಳನ್ನೂ ಓದಲು ಕಲಿಯುತ್ತದೆ. ಜೆಲ್ಲಿ ಮಿಠಾಯಿಯ ಪೊಟ್ಟಣದಲ್ಲಿ ‘ಜೆಲಟಿನ್’ ಎಂದಿದೆಯೇ ಎಂದು ನಮ್ಮ ತಾಯಂದಿರು ಅಂಗಡಿಯವನನ್ನು ಕೇಳುತ್ತಾರೆ. ಅಂಗಡಿಯವನಿಗೆ ಗೊತ್ತಿರುವುದಿಲ್ಲ. ಆರನೇ ತರಗತಿಯ ಮಗನಿಗೆ ಗೊತ್ತಿದ್ದರೆ ಆ ಮನೆಯಲ್ಲಿ ಇಂಗ್ಲಿಷ್ ಪಾಠಕ್ಕೆ ಎಂಥ ಗೌರವ ಬಂದೀತು!

ಬ್ಯಾಂಕಿನಿಂದ ಮೊಬೈಲಿಗೆ ಬರುವ ಸಂದೇಶಗಳಲ್ಲಿ ‘ಡೆಬಿಟೆಡ್’ ಎಂದರೆ ಹಣ ಹೋಯಿತು, ‘ಕ್ರೆಡಿಟೆಡ್’ ಎಂದರೆ ಹಣ ಬಂತು. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುತ್ತದೆ. ಓದಲಾರದವರು ಆ ಸಂಖ್ಯೆಯನ್ನು ವಂಚಕನಿಗೆ ಓದಿ ಹೇಳುತ್ತಾರೆ. ಸಂಖ್ಯೆಯನ್ನಷ್ಟೇ ಓದಬಲ್ಲ, ಅದರ ಪಕ್ಕದ ನಾಲ್ಕು ಪದಗಳನ್ನು ಓದಲಾಗದ ಸ್ಥಿತಿ ಎಷ್ಟು ಅಪಾಯಕಾರಿಯೆಂದು ಹಣ ಕಳಕೊಂಡವರನ್ನು ಕೇಳಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಉದ್ಯೋಗದ ಕರಾರುಪತ್ರ. ಕರಾವಳಿಯ ಅಸಂಖ್ಯ ಕುಟುಂಬಗಳ ಬದುಕು ಕೊಲ್ಲಿ ರಾಷ್ಟ್ರಗಳ ದುಡಿಮೆಯೊಂದಿಗೆ ಬೆಸೆದುಕೊಂಡಿದೆ. ಅಲ್ಲಿನ ಕರಾರುಪತ್ರಗಳು ಸಾಮಾನ್ಯವಾಗಿ ಅರಬಿ ಮತ್ತು ಇಂಗ್ಲಿಷ್‌ನಲ್ಲಿರುತ್ತವೆ. ನಮ್ಮ ಯುವಕರು ಒಟ್ಟು ಸಂಬಳದ ಅಂಕಿಯನ್ನು ಮಾತ್ರ ನೋಡಿ ಸಹಿ ಹಾಕುತ್ತಾರೆ. ‘ಬೇಸಿಕ್ ಸ್ಯಾಲರಿ’ ಎಂಬ ಸಾಲನ್ನು ಯಾರೂ ಗಮನಿಸುವುದಿಲ್ಲ. ಯುಎಇಯ ಕಾನೂನಿನ ಪ್ರಕಾರ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಯಿಟಿಯನ್ನು ಲೆಕ್ಕ ಹಾಕುವುದು ಮೂಲವೇತನದ ಮೇಲೆ. ಮೊದಲ ಐದು ವರ್ಷಗಳ ಅವಧಿಗೆ ಅದು ವರ್ಷಕ್ಕೆ 21 ದಿನಗಳ ಮೂಲವೇತನ. ಒಟ್ಟು ಸಂಬಳ 1,800 ದಿರ್ಹಂ ಇದ್ದು ಮೂಲವೇತನ 1,000 ಮಾತ್ರ ಇದ್ದರೆ ಎರಡು ವರ್ಷಕ್ಕೆ ಸಿಗುವುದು 1,400 ದಿರ್ಹಂ. ಪೂರ್ತಿ 1,800 ಮೂಲವೇತನವೇ ಆಗಿದ್ದರೆ 2,520 ಸಿಗುತ್ತಿತ್ತು. ಒಂದು ಪದದ ಅರ್ಥಕ್ಕೆ 1,120 ದಿರ್ಹಂ ಬೆಲೆ! ಹತ್ತನೇ ತರಗತಿಯ ವಿದ್ಯಾರ್ಥಿಗಳಿಗೆ ಇಂಥ ಒಂದು ಕರಾರುಪತ್ರದ ಮಾದರಿಯನ್ನು ಕೊಟ್ಟು, ‘ಕೆಲಸದ ಅವಧಿ ಎಷ್ಟು? ವಸತಿ ಯಾರದು? ಕೆಲಸ ಬಿಡಬೇಕಾದರೆ ಎಷ್ಟು ದಿನ ಮೊದಲು ತಿಳಿಸಬೇಕು? ಮೂಲವೇತನ ಎಷ್ಟು?’ ಎಂಬ ನಾಲ್ಕೇ ಪ್ರಶ್ನೆಗಳಿಗೆ ಉತ್ತರ ಹುಡುಕಿಸಿದರೆ, ಸಹಿ ಹಾಕುವ ಮುನ್ನ ಓದುವ ಅಭ್ಯಾಸ ಅಲ್ಲಿಂದಲೇ ಹುಟ್ಟುತ್ತದೆ. ಇಂಥ ಒಂದು ಪಾಠ ನಮ್ಮ ಎಷ್ಟು ಶಾಲೆಗಳಲ್ಲಿ ನಡೆದಿದೆ?

ಆಕ್ಷೇಪಗಳು ಇಲ್ಲವೆಂದಲ್ಲ. ಇಂಥ ಕಾಗದಗಳ ಭಾಷೆ ಕಠಿಣ, ಮಕ್ಕಳು ಹೆದರುತ್ತಾರೆ ಎಂಬುದು ಮೊದಲನೆಯದು. ನಿಜ, ಇಡೀ ಕಾಗದವನ್ನು ಸಾಲುಸಾಲಾಗಿ ಅನುವಾದಿಸಲು ಹೊರಟರೆ ಹೆದರದೆ ಇರಲಾರರು. ಆದರೆ ನಾವು ದೊಡ್ಡವರು ಬ್ಯಾಂಕಿನ ಕಾಗದವನ್ನು ಹಾಗೆ ಓದುತ್ತೇವೆಯೇ? ಬೇಕಾದ ವಿಷಯವನ್ನು ಹುಡುಕುತ್ತೇವೆ, ಉಳಿದದ್ದನ್ನು ಬಿಡುತ್ತೇವೆ. ಹಾಗೆ ಹುಡುಕುವುದನ್ನೇ ಕಲಿಸಬೇಕು. ಮಗು ಉತ್ತರವನ್ನು ಮೊದಲು ಕನ್ನಡದಲ್ಲೋ ಬ್ಯಾರಿಯಲ್ಲೋ ನವಾಯತಿಯಲ್ಲೋ ಉರ್ದುವಿನಲ್ಲೋ ಹೇಳಲಿ. ಅರ್ಥವಾಗಿದೆಯೆಂದು ಖಚಿತವಾದ ಮೇಲೆ ಇಂಗ್ಲಿಷ್‌ನಲ್ಲಿ ಒಂದು ವಾಕ್ಯ ಕಟ್ಟಲಿ. ಮಾತೃಭಾಷೆಯನ್ನಾಡಿದ್ದಕ್ಕೆ ದಂಡ ಹಾಕುವ ಶಾಲೆಗಳು ಮಗುವಿನ ಒಂದು ಬಾಗಿಲನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತೇವೆಂದು ಭ್ರಮಿಸಿವೆ.

ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲವಲ್ಲ ಎಂಬುದು ಎರಡನೆಯ ಆಕ್ಷೇಪ. ವಾರದ ಎಲ್ಲ ಪೀರಿಯಡ್‌ಗಳನ್ನೂ ಇದಕ್ಕೆ ಕೊಡಿ ಎಂದು ಯಾರೂ ಹೇಳುತ್ತಿಲ್ಲ. ವಾರಕ್ಕೊಂದು ಪೀರಿಯಡ್ ಸಾಕು. ಅರ್ಥ ಹುಡುಕಿ ಓದುವ ಅಭ್ಯಾಸವಾದ ಮಗು ಪಠ್ಯಪುಸ್ತಕವನ್ನೂ ಹಾಗೆಯೇ ಓದುತ್ತದೆ, ಗೈಡಿನ ಹಂಗು ಕಡಿಮೆಯಾಗುತ್ತದೆ. ಹಾಗೆಂದು ಕಥೆ, ಕವಿತೆಗಳು ಬೇಡವೆಂದೂ ಅಲ್ಲ. ಲೇಬಲ್ಲುಗಳನ್ನಷ್ಟೇ ಓದಬಲ್ಲ ಪೀಳಿಗೆಯೂ ಬಡವಾದದ್ದೇ. ಭಾಷೆಗೆ ಅನ್ನವೂ ಬೇಕು, ಆನಂದವೂ ಬೇಕು. ನಾವು ಅನ್ನವನ್ನು ಬಡಿಸದೆ ಆನಂದವನ್ನು ಕಂಠಪಾಠ ಮಾಡಿಸುತ್ತಿದ್ದೇವೆ ಎಂಬುದಷ್ಟೇ ನಮ್ಮ ತಕರಾರು.

ಕೆಲವು ಎಚ್ಚರಿಕೆಗಳೂ ಅಗತ್ಯ. ಮಾತ್ರೆ ಉಳಿದಿರುವ ಸ್ಟ್ರಿಪ್‌ಗಳು ತರಗತಿಗೆ ಬರಬಾರದು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಕಾಯಿಲೆಯ ವಿವರ ಇರುವ ಕಾಗದಗಳನ್ನು ಮಕ್ಕಳ ಕೈಯಲ್ಲಿ ತರಿಸುವುದು ಸರಿಯಲ್ಲ. ತರುವುದಾದರೆ ಹೆಸರು ಮತ್ತು ಸಂಖ್ಯೆಗಳನ್ನು ಅಳಿಸಿದ ಪ್ರತಿಯನ್ನು ಶಿಕ್ಷಕರೇ ತರಬೇಕು. ಬಡ ಮಗುವಿಗೆ ‘ನಾಳೆ ಚಾಕಲೇಟಿನ ಡಬ್ಬಿ ತಾ’ ಎಂದರೆ ಅದು ಪಾಠವಾಗದೆ ಅವಮಾನವಾಗುತ್ತದೆ. ಎಲ್ಲರ ಮನೆಯಲ್ಲೂ ಇರುವುದನ್ನೇ ಆರಿಸಬೇಕು, ಇಲ್ಲವೇ ಶಾಲೆಯೇ ಒಂದು ಪೆಟ್ಟಿಗೆಯಲ್ಲಿ ಕೂಡಿಡಬೇಕು.

ಈಗ ಕೇಳಬೇಕಾದ ಪ್ರಶ್ನೆ, ಇದನ್ನು ಯಾರು ಆರಂಭಿಸಬೇಕು? ಶಿಕ್ಷಕರ ತರಬೇತಿಯಲ್ಲಿ ಇದಕ್ಕೆ ಜಾಗ ಕೊಡುವುದು ಸರಕಾರದ ಹೊಣೆ. ಮಾಧ್ಯಮದ ಘೋಷಣೆ ಮಾಡುವಷ್ಟು ಸುಲಭವಾಗಿ ಶಿಕ್ಷಕರನ್ನು ಸಿದ್ಧಗೊಳಿಸಲಾಗದು ಎಂಬುದನ್ನು ಆಳುವವರು ಇನ್ನಾದರೂ ಅರಿಯಬೇಕು. ಆದರೆ ಸರಕಾರವನ್ನು ದೂರುತ್ತಾ ಕುಳಿತರೆ ನಮ್ಮ ಹೊಣೆ ಮುಗಿಯುವುದಿಲ್ಲ. ಸಮುದಾಯದ ಆಡಳಿತದಲ್ಲಿರುವ ಇಂಗ್ಲಿಷ್ ಮಾಧ್ಯಮ ಶಾಲೆಗಳು ಊರೂರಲ್ಲಿವೆ. ಕಟ್ಟಡ, ಸಮವಸ್ತ್ರ, ವಾರ್ಷಿಕೋತ್ಸವಗಳಿಗೆ ಲಕ್ಷಗಟ್ಟಲೆ ವ್ಯಯಿಸುವ ಆಡಳಿತ ಮಂಡಳಿಗಳಿಗೆ ಖಾಲಿ ಪೊಟ್ಟಣಗಳ ಒಂದು ಪೆಟ್ಟಿಗೆ ದುಬಾರಿಯಾಗಲಾರದು. ಹೆತ್ತವರು ಶಾಲೆಯ ಸಭೆಗಳಲ್ಲಿ ಅಂಕಗಳ ಬಗ್ಗೆ ಕೇಳುವಂತೆಯೇ, ‘ನನ್ನ ಮಗು ಮನೆಗೆ ಬಂದ ಒಂದು ಇಂಗ್ಲಿಷ್ ಕಾಗದವನ್ನು ಓದಿ ಹೇಳುವುದು ಯಾವಾಗ?’ ಎಂದೂ ಕೇಳಲಿ.

ಮನೆಯಲ್ಲಂತೂ ನಾಳೆಯೇ ಆರಂಭಿಸಬಹುದು. ಇದರಲ್ಲಿ ಅತ್ಯಂತ ದೊಡ್ಡ ಲಾಭವಿರುವುದು ತಾಯಂದಿರಿಗೆ. ಪಠ್ಯಪುಸ್ತಕ ತೆರೆದ ಕೂಡಲೇ ‘ನನಗೆ ಇಂಗ್ಲಿಷ್ ಬಾರದು’ ಎಂದು ಹಿಂದೆ ಸರಿಯುವ ತಾಯಿ, ಔಷಧಿಯ ಮುಂದೆ, ಅಡುಗೆ ಸಾಮಾನಿನ ಪೊಟ್ಟಣದ ಮುಂದೆ ಅಜ್ಞಾನಿಯಲ್ಲ. ಅದು ಯಾತಕ್ಕೆ, ಎಷ್ಟು, ಯಾವಾಗ ಎಂದು ಆಕೆಗೆ ಗೊತ್ತು. ಮಗುವಿಗೆ ಅಕ್ಷರ ಗೊತ್ತು, ತಾಯಿಗೆ ವಸ್ತು ಗೊತ್ತು. ಇಬ್ಬರೂ ಸೇರಿದಾಗ ಮಾತ್ರ ಅರ್ಥ ಹುಟ್ಟುತ್ತದೆ. ರಜೆಯಲ್ಲಿ ಊರಿಗೆ ಬಂದ ತಂದೆ ತನ್ನ ಬೋರ್ಡಿಂಗ್ ಪಾಸನ್ನು ಎಸೆಯುವ ಬದಲು ಮಗನ ಮುಂದಿಟ್ಟು, ‘ನನ್ನ ವಿಮಾನ ಎಷ್ಟು ಗಂಟೆಗಿತ್ತು, ಯಾವ ಗೇಟಿನಿಂದ ಹೋದೆ, ಹುಡುಕು’ ಎನ್ನಲಿ. ಅದಕ್ಕೆ ಐದು ನಿಮಿಷ ಸಾಕು, ಶುಲ್ಕವಿಲ್ಲ.

ನಮ್ಮ ಮಕ್ಕಳು ಇಂಗ್ಲಿಷ್ ಕಲಿಯಬೇಕೆಂದು ನಾವು ಬಯಸುವುದು ಏತಕ್ಕಾಗಿ? ಅತಿಥಿಗಳ ಮುಂದೆ ಪದ್ಯ ಹೇಳಿಸುವುದಕ್ಕಾಗಿಯೇ? ಅಥವಾ ಬದುಕು ಮುಂದಿಡುವ ಕಾಗದವನ್ನು ಯಾರ ಹಂಗೂ ಇಲ್ಲದೆ ಓದಿ, ಅರ್ಥಮಾಡಿಕೊಂಡು, ಆಮೇಲೆ ಸಹಿ ಹಾಕುವುದಕ್ಕಾಗಿಯೇ? ಎರಡನೆಯದು ನಮ್ಮ ಉತ್ತರವೆಂದಾದರೆ, ಪಾಠ ಆರಂಭವಾಗಬೇಕಾದದ್ದು ಆ ಕಾಗದದಿಂದಲೇ. ಅಂದು ರಾತ್ರಿ ತಾಯಿ ಕೊಟ್ಟ ಔಷಧಿಯನ್ನು ಬೆಳಕಿಗೆ ಹಿಡಿದ ಮಗಳು, ‘ಅವಧಿ ಮುಗಿದಿದೆ ಉಮ್ಮಾ, ಇದು ಬೇಡ’ ಎಂದು ಹೇಳುವ ದಿನ ಅವಳ ಅಂಕಪಟ್ಟಿಯ ಎಂಬತ್ತು ಅಂಕಗಳಿಗೆ ಅರ್ಥ ಬರುತ್ತದೆ.